ಮಾತಾಡಸಾಕ ಬಂದವರು ಉಂಡ ಆಪರೇಶನ್

ನಮ್ಮ ಶಂಕರೆಪ್ಪ ಮಾವನಿಗೆ ಹರ್ನಿಯಾ ಆದದ್ದು ೧೯೯೬ರ ಶ್ರಾವಣದಲ್ಲಿ. ಅದರ ಆಪರೇಶನ್ ಆದದ್ದು ೧೯೯೯ರ ಮಾಘದಲ್ಲಿ. ಆಪರೇಶನ್ನಿನ ದಿನ ಅರಿವಳಿಕೆಯ ಸೂಜಿ ಕೊಡಲು ಹೊರಗಿನಿಂದ ಬಂದಿದ್ದ ಡಾಕ್ಟರು ಚೀಟಿಯ ಮೇಲಿನ ತಾರೀಖು ನೋಡಿ, "ನಡುವ ಎರಡೂವರಿ ವರ್ಷ ಏನ್ ಮಾಡಾಕತ್ತಿದ್ರಿ?" ಎಂದು ಕೇಳಿದರಂತೆ. ಮಾವ ಹೇಳಿದ್ದು ಇಷ್ಟೇ: "ಮಂದಿಗೆ ಉಪ್ಪಿಟ್ಟು ಮಾಡಿ ಹಾಕಾಕತ್ತಿದ್ದೆವ್ರಿ."

ಇದು ಚೇಷ್ಟೆಯ ಮಾತಲ್ಲ. ಆ ಉಪ್ಪಿಟ್ಟನ್ನು ತಿಂದವರಲ್ಲಿ ನಾನೂ ಒಬ್ಬ. ಆದ್ದರಿಂದ ಪ್ರಮಾಣ ಮಾಡಿ ಹೇಳಬಲ್ಲೆ.

ಸುರೇಬಾನದಲ್ಲಿ ಮಾವನದೊಂದು ಹಿಟ್ಟಿನ ಗಿರಣಿ ಇತ್ತು. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಮಾವನ ನಿಜವಾದ ಬಣ್ಣ ಯಾವುದೆಂಬುದು ಅಮಾಸಿಯ ದಿನ ಗಿರಣಿ ಬಂದ್ ಇದ್ದಾಗ ಮಾತ್ರ ಊರಿಗೆ ತಿಳಿಯುತ್ತಿತ್ತು. ಸೀನಿದರೆ ಎದುರಿಗಿದ್ದವರೂ ಬೆಳ್ಳಗಾಗುತ್ತಿದ್ದರು. ಇಂಥ ಮಾವ ಒಂದು ದಿನ ಕ್ವಿಂಟಲ್ ಜೋಳದ ಚೀಲವನ್ನು "ನಿಮ್ಮಂಥಾ ಹುಡುಗರಿಗೆಲ್ಲಿ ಆಗತೈತಿ, ಸರೀರಿ" ಎಂದು ಒಬ್ಬನೇ ಎತ್ತಿದ. ಚೀಲ ಮೇಲೆ ಹೋಯಿತು. ತೊಡೆಯ ಸಂದಿಯಲ್ಲಿ ಲಿಂಬೆಹಣ್ಣಿನಂಥ ಗಂಟೊಂದು ಹೊರಗೆ ಬಂತು. ನಿಂತರೆ ಬರುತ್ತಿತ್ತು, ಮಲಗಿದರೆ ಹೋಗುತ್ತಿತ್ತು. ನಮ್ಮ ಕಡೆಯ ಕರೆಂಟಿಗಿಂತ ನೇಮ ಇತ್ತು ಅದಕ್ಕೆ.

ನಾನು ರಾಮದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮಾವ ನನ್ನ ತಾಯಿಯ ತಮ್ಮ. ನಾನೇ ಅವನನ್ನು ದಿಗಂಬರ ಡಾಕ್ಟರ ಕಡೆಗೆ ಕರೆದುಕೊಂಡು ಹೋದೆ. ರಾಮದುರ್ಗದಲ್ಲಿ ಅವರದು ನಾಲ್ಕು ಮಂಚದ ಸಣ್ಣ ದವಾಖಾನೆ. ಡಾಕ್ಟರು ನೋಡಿದರು, ಕೆಮ್ಮಿಸಿದರು, ಕೈ ತೊಳೆದುಕೊಂಡು ಹೇಳಿದರು:

"ಕೊಯ್ದು ಹೊಲೀಬೇಕ್ರಿ. ಔಷಧ, ಮಂಚ, ನನ್ನ ಫೀ ಎಲ್ಲಾ ಸೇರಿ ಮೂರೂವರಿ ಸಾವಿರ. ತಡಾ ಮಾಡಬ್ಯಾಡ್ರಿ ಮತ್ತ. ಹೊರಗ ಬಂದದ್ದು ಒಂದಿನ ಒಳಗ ಹೋಗಲಿಲ್ಲ ಅಂದ್ರ ಹುಬ್ಬಳ್ಳಿಗೆ ಓಡಬೇಕಾಗ್ತದ. ಅಲ್ಲೆ ಇಪ್ಪತ್ತು ಸಾವಿರನೂ ಆಗ್ತದ, ಜೀವಕ್ಕೂ ಗ್ಯಾರಂಟಿ ಇಲ್ಲ."

ಆಗ ಒಂದು ಸೇರು ಜೋಳ ಬೀಸಿದರೆ ಎಂಟಾಣೆ ಸಿಗುತ್ತಿತ್ತು. ಮಾವ ಬೀಸುತ್ತ ಹೋದ, ಅತ್ತಿ ತಂಗೆವ್ವ ಕಡಲೆಬೇಳೆಯ ಡಬ್ಬಿಯಲ್ಲಿ ಹಾಕುತ್ತ ಹೋದಳು. ೧೯೯೭ರ ದೀಪಾವಳಿಗೆ ಡಬ್ಬಿಯಲ್ಲಿ ಮೂರೂವರೆ ಸಾವಿರ ತುಂಬಿತು. ಮುಂದಿನ ಸೋಮವಾರಕ್ಕೆ ಆಪರೇಶನ್ ಎಂದು ನಿಕ್ಕಿಯಾಯಿತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಯಾರಾದರೂ ಹಾಸಿಗೆ ಹಿಡಿದರೆ ಅವರನ್ನು 'ಮಾತಾಡಸಾಕ' ಹೋಗಬೇಕು. ಕೈಯಲ್ಲಿ ಅರ್ಧ ಡಜನ್ ಬಾಳೆಹಣ್ಣು, ಇಲ್ಲದಿದ್ದರೆ ಒಂದು ಬಿಸ್ಕಿಟ್ ಪುಡಿಕೆ ಇರಬೇಕು. ರೋಗಿಯ ಕಾಲ ಕಡೆಗೆ ಕುಳಿತು "ಹೆಂಗಾತು?" ಎಂದು ಕೇಳಬೇಕು. ರೋಗಿ ಮೊದಲಿನಿಂದ ಹೇಳಬೇಕು. ಅದೇ ರೋಗ ಆಗಿ ಸತ್ತ ಒಬ್ಬನ ಸುದ್ದಿಯನ್ನು ಬಂದವರು ಹೇಳಬೇಕು. ಆಮೇಲೆ "ಬರತೇವಿ" ಎಂದು ಏಳಬೇಕು, ಮನೆಯವರು "ಹಂಗ ಹೋಗಬಾರದು, ಕುಂದರ್ರಿ" ಅನ್ನಬೇಕು, ಅವರು ಕೂಡಬೇಕು. ಊರವರಾದರೆ ಉಪ್ಪಿಟ್ಟು ಚಾ, ಪರ ಊರವರಾದರೆ ಊಟ, ಬೀಗರಾದರೆ ಹೋಳಿಗೆ. ಬರದೇ ಇದ್ದವರ ಹೆಸರನ್ನು ಇಪ್ಪತ್ತು ವರ್ಷ ನೆನಪಿಡಬೇಕು.

ಈ ವಿದ್ಯೆಯಲ್ಲಿ ಮಾವ ಪೈಲವಾನ. ತೊರಗಲ್ಲಿನಿಂದ ಸಿರಸಂಗಿಯವರೆಗೆ ಯಾರೇ ಕಾಲು ಮುರಿದುಕೊಳ್ಳಲಿ, ಪಟ್ಟಿ ಕಟ್ಟುವುದರೊಳಗೆ ಮಾವ ಬಾಳೆಹಣ್ಣು ಹಿಡಿದು ಹಾಜರ. ಮೂವತ್ತು ವರ್ಷ ಹೀಗೆ ಬಿತ್ತಿದ್ದು ಈಗ ಬೆಳೆದು ನಿಂತಿತ್ತು.

ಗಿರಣಿಯಲ್ಲಿ ಬಿದ್ದ ಸುದ್ದಿ ಹಿಟ್ಟಿಗಿಂತ ಸಣ್ಣಗಾಗಿ ಮನೆಮನೆಗೆ ಹೋಗುತ್ತದೆ. ಬುಧವಾರವೇ ಓಣಿಯ ಲಗಮಪ್ಪ ಬಂದ.

"ಆಪರೇಶನ್ ಸೋಮವಾರ ಐತ್ಯೋ, ಈಗ್ಯಾಕ ಬಂದಿ?" ಎಂದ ಮಾವ.

"ಆದಮ್ಯಾಲ ನೀ ಮಾತಾಡೂ ಪರಿಸ್ಥಿತ್ಯಾಗ ಇರತೀಯೋ ಇಲ್ಲೋ, ಯಾರಿಗ್ಗೊತ್ತು? ಈಗ ಮಾತಾಡಿಸಿಬಿಟ್ಟರ ನಂದೊಂದು ಋಣಾ ಮುಗೀತು."

ಊರಿಗೆ ಈ ವಿಚಾರ ಬಹಳ ಸರಿ ಕಂಡಿತು. ಗುರುವಾರದಿಂದ ಸಾಲು ಹಚ್ಚಿದರು. ಸಿರಸಂಗಿಯಿಂದ ಬಂದ ಎಪ್ಪತ್ತೈದು ವರ್ಷದ ಚಿಗವ್ವ ಚಾಪೆಯ ಮೇಲೆ ಕೂತವಳೇ, "ಎಲ್ಲಿ ಆಗೇತಿ, ತೋರಸಪಾ" ಅಂದಳು.

"ತೋರಸೂ ಅಂಥಾ ಜಾಗಾ ಅಲ್ಲ ಬಿಡs ಚಿಗವ್ವಾ."

"ಸಣ್ಣಾಂವ ಇದ್ದಾಗ ನಿನಗ ನೀರ ಹಾಕಿದಾಕಿ ನಾನs. ನನ್ನ ಮುಂದೇನ ನಾಚಿಕಿ? ತೋರಸು!"

ಮಾವ ಧೋತರ ಗಟ್ಟಿಯಾಗಿ ಹಿಡಿದುಕೊಂಡು ಹಿತ್ತಲಿಗೆ ಹೋದವನು ಚಿಗವ್ವ ಊಟ ಮಾಡಿ ಮಲಗುವವರೆಗೆ ಬರಲಿಲ್ಲ.

ಶನಿವಾರ ಮಗಳನ್ನು ಕೊಟ್ಟ ತೊರಗಲ್ಲಿನ ಬೀಗ ಬಸಲಿಂಗಪ್ಪ ಟೆಂಪೊ ಮಾಡಿಕೊಂಡು ಬಂದ. ಹದಿನೇಳು ಮಂದಿ ಇಳಿದರು.

"ಯಾಕ ಇಷ್ಟ ತ್ರಾಸ ತಗೊಂಡ್ರಿ ಬೀಗರs?" ಎಂದ ಮಾವ, ಹದಿನೇಳನ್ನು ಎರಡು ಸಲ ಎಣಿಸಿ.

"ಏನ್ ತ್ರಾಸ್ರಿ? ಸುದ್ದಿ ಹೇಳೂದs ತಡಾ, ನಾ ಬರತೇನಿ ನಾ ಬರತೇನಿ ಅಂದ್ರು. ಟೆಂಪೊದಾಗ ಜಾಗಾ ಸಾಲಲಿಲ್ಲ. ಉಳದವರು ನಾಳೆ ಬರತಾರ್ರಿ."

ನಾನು, ನನ್ನ ಹೆಂಡತಿ ನಾಗರತ್ನಾ, ಎರಡು ಮಕ್ಕಳು ಅದೇ ದಿನ ಹೋಗಿದ್ದೆವು. ಒಯ್ದಿದ್ದು ಒಂದು ಬಿಸ್ಕಿಟ್ ಪುಡಿಕೆ. ಅದನ್ನೂ ಮಕ್ಕಳು ಬಸ್ಸಿನಲ್ಲೇ ತಿಂದಿದ್ದವು. ಬೀಗರಿಗಾಗಿ ಮಾಡಿದ ಹೋಳಿಗೆ ಚಲೋ ಆಗಿತ್ತು. ನಾನು ಐದು ತಿಂದೆ. ರೋಗಿಯ ಮನೆಯಲ್ಲಿ ಬೇಡ ಅನ್ನಬಾರದು ಎಂದು ನಮ್ಮವ್ವ ಕಲಿಸಿದ್ದಳು.

ಸೋಮವಾರ ನಸುಕಿನಲ್ಲಿ ತಂಗೆವ್ವ ಡಬ್ಬಿ ಬೋರಲು ಹಾಕಿದಳು. ಇನ್ನೂರಾ ಹತ್ತು ರೂಪಾಯಿ ಮತ್ತು ಒಂದು ಲವಂಗ ಬಿತ್ತು.

"ಹರ್ನಿಯಾ ಒಳಗs ಐತ್ರಿ, ರೊಕ್ಕಷ್ಟs ಹೊರಗ ಹೋತು" ಅಂದಳು.

ಎರಡನೆಯ ಸಲ ಮಾವ ಹುಷಾರಾದ. ಎರಡು ಆಡು ಮಾರಿ, ಸಂಜೆ ತಡವಾಗಿಯೂ ಗಿರಣಿ ಹಾಕಿ, ಉಗಾದಿಯಾದ ಮೇಲೆ ಸುಮ್ಮನೆ ಬಂದು ರಾಮದುರ್ಗದಲ್ಲಿ ಮಲಗುವುದೆಂದು ಗೊತ್ತು ಮಾಡಿದ. ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ಯಾರಿಗೂ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ಮಾತ್ರ, ಅದೂ "ಯಾರಿಗೂ ಹೇಳಬ್ಯಾಡ್ರಿ" ಎಂದು ಹೇಳಿಯೇ ಹೇಳಿದೆ.

ಮಾವ ಮಂಚ ಏರಿದ ಒಂದು ತಾಸಿಗೆ ಮೊದಲ ತಂಡ ಬಂತು. ಮಧ್ಯಾಹ್ನಕ್ಕೆ ನಾಲ್ಕೂ ಮಂಚದ ಮೇಲೆ ನಮ್ಮವರೇ. ಉಳಿದ ರೋಗಿಗಳು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಎದುರಿನ ಹೋಟೆಲಿನಿಂದ ಉಪ್ಪಿಟ್ಟಿನ ತಾಟು ಮೇಲಿಂದ ಮೇಲೆ ಬರುತ್ತಿದ್ದವು. ತಾಟು ಲೆಕ್ಕ ಇಡುವ ಕೆಲಸ ನನ್ನದು. ಲೆಕ್ಕ ಇಡುವವನೂ ಹಸಿದಿರಬಾರದಲ್ಲ.

ಲಗಮಪ್ಪ ಮಾವನ ಕಾಲ ಕಡೆಗೆ ಕೂತು ಶುರು ಮಾಡಿದ. "ನಮ್ಮವ್ವನ ತಂಗಿ ಊರಾಗ ಒಬ್ಬಾಂವಗ ಇದs ಆಗಿತ್ತು. ಆಪರೇಶನ್ನಿಗೆ ನಕ್ಕೋತ ಒಳಗ ಹ್ವಾದ."

"ಹೊರಗ ಬಂದ ಮ್ಯಾಲೆ?"

"ಹೊರಗೆಲ್ಲಿ ಬಂದ?"

ದಿಗಂಬರ ಡಾಕ್ಟರು ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. "ಮುಂಜಾನೆ ಚಲೋ ಇತ್ತಲ್ರಿ! ಈ ಬಿ.ಪಿ.ಗೆ ಕತ್ತರಿ ಹಚ್ಚಲಿಕ್ಕೆ ಆಗಂಗಿಲ್ಲ. ನಾಳೆ ನೋಡೋಣು." ಮರುದಿನ ಇನ್ನಷ್ಟು ಜನ, ಇನ್ನಷ್ಟು ಸತ್ತವರ ಸುದ್ದಿ, ಇನ್ನಷ್ಟು ಬಿ.ಪಿ. ಮೂರನೆಯ ದಿನ ಡಾಕ್ಟರು ಕೈ ಮುಗಿದರು. ಮಂಚದ ಬಾಡಿಗೆ, ಗುಳಿಗೆ, ಎದುರಿನ ಹೋಟೆಲ್ ಎಲ್ಲ ಸೇರಿ ಡಬ್ಬಿ ಮತ್ತೆ ಖಾಲಿ. ಹೋಗುವಾಗ ಮಾವ ಒಂದು ಹರ್ನಿಯಾ ಒಯ್ದಿದ್ದ. ಬರುವಾಗ ಅದರ ಜೊತೆಗೆ ಹನ್ನೊಂದು ಡಜನ್ ಬಾಳೆಹಣ್ಣು ತಂದ. ಮಾರಲಿಕ್ಕೆ ಬರುವುದಿಲ್ಲ, ಇಟ್ಟರೆ ಕೊಳೆಯುತ್ತವೆ. ಓಣಿಗೆ ಹಂಚಿ, ಉಳಿದದ್ದನ್ನು ಎಮ್ಮೆಗೆ ಹಾಕಿದರು. ಎಂಟು ದಿನ ಅದು ಹುಲ್ಲನ್ನು ಮೂಸಿ ನೋಡಿ ಮೋರೆ ತಿರುವುತ್ತಿತ್ತಂತೆ.

ದೀಪಾವಳಿಗೆ ಡಬ್ಬಿ ಮತ್ತೆ ತುಂಬಿತು. ಮೂರನೆಯ ಸಲದ ಯೋಜನೆ ಸಂಪೂರ್ಣ ನನ್ನದು. "ಮಾವಾ, ರಾಮದುರ್ಗ ಬ್ಯಾಡ. ಬೈಲಹೊಂಗಲದಾಗ ಮಾಡಿಸೋಣು. ಊರಾಗ ಕೇಳಿದ್ರ ಎತ್ತು ನೋಡಾಕ ಹೊಂಟೇನಿ ಅನ್ನು" ಎಂದೆ. ಮಾವನಿಗೆ ಎರಡು ಎಕರೆ ಹೊಲವೂ ಇತ್ತು; ಯಾರಿಗೂ ಸಂಶಯ ಬರಲಾರದು ಎಂದು ನನ್ನ ಗಣಿತ.

ಎತ್ತು ಎಂದರೆ ನಮ್ಮ ಕಡೆ ಯಾವ ಗಂಡಸು ಮನೆಯಲ್ಲಿ ಕೂರುತ್ತಾನೆ? ಲಗಮಪ್ಪ ಹೆಗಲಿಗೆ ಟವೆಲ್ ಹಾಕಿ ತಯಾರಾಗಿ ನಿಂತಿದ್ದ. "ನಿನಗ ಹಲ್ಲು ನೋಡಾಕ ಬರಂಗಿಲ್ಲ, ಸುಳಿ ನೋಡಾಕ ಬರಂಗಿಲ್ಲ. ಒಬ್ಬನs ಹೋದ್ರ ಮಾಲಿಕಾ ಟೊಪಿಗಿ ಹಾಕತಾನ" ಎಂದ. ಅವನ ಜೊತೆಗೆ ಇನ್ನೂ ನಾಲ್ವರು ಪರಿಣತರು. ಒಬ್ಬ ಬಸ್ಸಿನಲ್ಲಿ ಕೇಳಿದ, "ಗಿರಣಿ ನಡಸಾಂವಗ ಎತ್ತು ಯಾಕೋ? ಕರೆಂಟ್ ಹೋದಾಗ ತಿರಗಸಾಕೇನು?"

ಬೈಲಹೊಂಗಲದ ದನದ ಸಂತೆಯಲ್ಲಿ ಮಾವ, ಒಂದು ಕೈಯಿಂದ ಗಂಟು ಒತ್ತಿಕೊಂಡು, ಸಂಜೆಯವರೆಗೆ ನಲವತ್ತು ಎತ್ತುಗಳ ಬಾಯಿ ನೋಡಿದ. ಸುಳಿ ಸರಿ ಇಲ್ಲ, ಕೋಡು ಸರಿ ಇಲ್ಲ ಎಂದು ಎಲ್ಲವನ್ನೂ ಬೇಡ ಅನ್ನಬೇಕಾಯಿತು. ಒಂದು ಮಾತ್ರ ಎಲ್ಲ ರೀತಿಯಿಂದ ಸರಿ ಇತ್ತು. ಅದನ್ನು ತಪ್ಪಿಸಿಕೊಳ್ಳಲು ಮಾವ "ಇದರ ಮಾರಿ ನಮ್ಮ ಬೀಗರನ್ನ ಹೋಲತೈತಿ, ಹೊಡ್ಯಾಕ ಮನಸ ಬರಂಗಿಲ್ಲ" ಎಂದು ಪಾರಾದ. ಐದು ಜನರ ಬಸ್ ಚಾರ್ಜು, ಊಟ, ಎಲೆ ಅಡಿಕೆ ಕಳೆದು ಹರ್ನಿಯಾ ಸಮೇತ ಮನೆಗೆ ಬಂದ.

ಆ ವಾರವೇ ಗಂಟು ಒಂದು ದಿನ ಒಳಗೆ ಹೋಗಲಿಲ್ಲ. ಮಲಗಿದರೂ ಇಲ್ಲ, ಒತ್ತಿದರೂ ಇಲ್ಲ. ಮಾವನ ಮೋರೆ ಹಿಟ್ಟಿಲ್ಲದೆಯೇ ಬೆಳ್ಳಗಾಯಿತು. ಒಂದು ತಾಸಿನ ಮೇಲೆ ಅದಾಗಿಯೇ ಸರಿಯಿತು. ಸುದ್ದಿ ಕೇಳಿ ನಾನು ಓಡಿ ಹೋದಾಗ ತಂಗೆವ್ವ ಹಾಸಿಗೆಯ ಪಕ್ಕದಲ್ಲಿ ಸೆರಗು ಕಟ್ಟಿ ಕೂತಿದ್ದಳು. ಬಾಳೆಹಣ್ಣು ತಂದಿದ್ದೆ, ಅದನ್ನು ನೋಡಿ ಅವಳ ಸಿಟ್ಟು ಇನ್ನೂ ಏರಿತು.

"ಹುಬ್ಬಳ್ಳಿಗೆ ಒಯ್ಯಾಕ ನನ್ನ ಕಡೆ ಇಪ್ಪತ್ತು ಸಾವಿರ ಇಲ್ಲ, ಮತ್ತೊಬ್ಬ ಗಂಡನೂ ಇಲ್ಲ. ಅಳಿಯ ಮಾಸ್ತರನ ಬುದ್ಧಿ ಸಾಕು. ಇನ್ನ ನಾ ಹೇಳಿದಂಗ ಕೇಳ್ರಿ."

"ಏನ್ ಹೇಳತಿ ಹೇಳು."

"ಮಂದಿ ಕರೀಲಿಲ್ಲಂದ್ರೂ ಎಲ್ಲಿಗೆ ಬರತಾರ? ಸಂತಿಗೆ ಬರತಾರ, ದವಾಖಾನಿಗೆ ಬರತಾರ. ಕೈ ಹಿಡದು ಜಗ್ಗಿದ್ರೂ ಬರದ ಜಾಗಾ ಒಂದs ಐತಿ. ಡಬ್ಬಿ ತುಂಬಿದ ದಿನ ಗಿರಣ್ಯಾಗ ಕುಂತು ಹೇಳ್ರಿ, ಸಾಲಾ ಕೇಳಾಕ ಹೊಂಟೇನಿ ಅಂತ."

ಮಾವ ಎದ್ದೇ ಕುಳಿತ. "ಏನಂದಿ? ಮೂವತ್ತು ವರ್ಷ ಗಿರಣಿ ನಡಿಸೇನಿ, ಒಬ್ಬರ ಮುಂದ ಕೈ ಚಾಚಿಲ್ಲ. ಮಾನಾ ಹೊಕ್ಕತಿ."

"ಮಾನಾ ಹೋದ್ರ ತಿರುಗಿ ಬರತೈತಿ. ನೀವು ಹೋದ್ರ?"

ಮಾವ ಗಂಟಿನ ಮೇಲೆ ಕೈ ಇಟ್ಟು ಒಮ್ಮೆ ಒತ್ತಿ ನೋಡಿದ. ಆಮೇಲೆ ಹೂಂ ಅಂದ.

ಡಬ್ಬಿ ಮತ್ತೆ ತುಂಬಿದ್ದು ಮಾಘದಲ್ಲಿ. ಮಾವ ಗಿರಣಿಯಲ್ಲಿ ಕೂತು, ಯಾರ ಮೋರೆಯನ್ನೂ ನೋಡದೆ, "ಹತ್ತು ಸಾವಿರದ ಗರಜು ಬಿದ್ದೈತ್ರಿ. ಯಾರನ್ನ ಕೇಳ್ಲಿ ಅಂತ ವಿಚಾರ ಮಾಡಾಕತ್ತೇನಿ" ಎಂದ.

ಗಿರಣಿಯಲ್ಲಿ ಪಟ್ಟಾ ತಿರುಗುವ ಸಪ್ಪಳ ಬಿಟ್ಟರೆ ಉಸಿರಿಲ್ಲ. ಲಗಮಪ್ಪನಿಗೆ ಒಲೆಯ ಮೇಲೆ ಹಾಲು ಇಟ್ಟು ಬಂದದ್ದು ನೆನಪಾಯಿತು. ಅವನ ಮನೆಯಲ್ಲಿ ಆಗ ಹಾಲಿನ ದನ ಇರಲಿಲ್ಲ. ಬೀಸಲು ಕೊಟ್ಟ ಜೋಳವನ್ನೂ ಬಿಟ್ಟು ಹೋದ. ಕಟ್ಟೆಯ ಮೇಲೆ ದಿನವಿಡೀ ಕೂರುತ್ತಿದ್ದ ಮೂವರಿಗೆ ಒಮ್ಮೆಲೇ ಹೊಲದ ಕೆಲಸ ಬಂತು. ಸಂಜೆಯೊಳಗೆ ತೊರಗಲ್ಲಿನಿಂದ ಸುದ್ದಿ ಬಂತು: ಬೀಗರು ಮನೆಮಂದಿಯೆಲ್ಲ ದೇವರಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಗೊತ್ತಿಲ್ಲ. ಸಿರಸಂಗಿಯ ಚಿಗವ್ವನಿಗೆ ರಾತ್ರೋರಾತ್ರಿ ಕಿವಿ ಕೇಳದಾಯಿತು.

ಮರುದಿನ ಮಾವ, ತಂಗೆವ್ವ ರಾಮದುರ್ಗದ ಬಸ್ಸು ಹತ್ತಿದರು. ತುಂಬಿದ ಬಸ್ಸಿನಲ್ಲಿ ಮಾವನ ಪಕ್ಕದ ಸೀಟು ಕೊನೆಯವರೆಗೂ ಖಾಲಿ. ಸುರೇಬಾನದವರೆಲ್ಲ ಕಿಡಕಿಯಿಂದ ಹೊರಗೆ ನೋಡುತ್ತಿದ್ದರು. ಕಿಡಕಿ ಸಿಗದವರು ಕಣ್ಣು ಮುಚ್ಚಿದ್ದರು.

ದವಾಖಾನೆಯಲ್ಲಿ ಬಿ.ಪಿ. ಶಾಲೆಯ ಹುಡುಗರ ಹಾಗೆ ಸರಿಯಾಗಿತ್ತು. ಆಪರೇಶನ್ ಒಂದು ತಾಸಿನಲ್ಲಿ ಮುಗಿಯಿತು. ಈ ಸಲ ನಾನು ಸ್ಟಾಫ್ ರೂಮಿಗೆ ಹೋದರೂ ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಕೂತೆ. ಡಬ್ಬಿಯಲ್ಲಿ ಡಾಕ್ಟರ ಮೂರೂವರೆ ಸಾವಿರ ಇದ್ದ ಹಾಗೆಯೇ ಇತ್ತು. ತಂಗೆವ್ವ ಅದರ ಮುಚ್ಚಳ ತೆಗೆದು ನೋಡುವುದು, ಮುಚ್ಚುವುದು, ಇದೇ ಕೆಲಸ ಮಾಡುತ್ತಿದ್ದಳು.

ತೊಂದರೆ ಸುರುವಾದದ್ದು ಮರುದಿನ. ಪಕ್ಕದ ಮಂಚದಲ್ಲಿ ಕಿತ್ತೂರ ಕಡೆಯ ಬಸಯ್ಯ ಅನ್ನುವವರು ಮೂಲವ್ಯಾಧಿಗೆ ಮಲಗಿದ್ದರು. ಮಗಳ ಊರು ಇದೇ ಆದ್ದರಿಂದ ಇಲ್ಲಿಗೆ ಬಂದಿದ್ದರು. ಅವರನ್ನು ಮಾತಾಡಿಸಲು ಮುಂಜಾನೆಯಿಂದ ಜನವೇ ಜನ. ಮಾವ ಗೋಡೆಯ ಕಡೆ ಹೊರಳಿದ. ಮತ್ತೆ ಈ ಕಡೆ ಹೊರಳಿದ. ಕೊನೆಗೆ ನನ್ನನ್ನು ಹತ್ತಿರ ಕರೆದ.

"ಇಪ್ಪತ್ಮೂರು ಮಂದಿ."

"ಯಾರು ಮಾವಾ?"

"ಅವರನ್ನ ಮಾತಾಡಸಾಕ ಬಂದವರು. ಬರೇ ಮೂಲವ್ಯಾಧಿ ಅದು! ನನಗ ಇಷ್ಟುದ್ದ ಕೊಯ್ದು ಹೊಲದಾರ. ಒಂದು ನಾಯಿ ಸೈತ ಇಣಿಕಿಲ್ಲ."

"ನಮಗ ಬೇಕಾಗಿದ್ದು ಅದs ಅಲ್ಲೇನು?"

"ಅದು ಖರೇ…" ಮಾವ ಮತ್ತೊಮ್ಮೆ ಪಕ್ಕದ ಮಂಚದ ಕಡೆ ನೋಡಿದ. "ಕಲ್ಮೇಶಾ, ನಿಮ್ಮ ಸಾಲ್ಯಾಗ ಯಾರಿಗೂ ಹೇಳಿಲ್ಲೇನು?"

"ಇಲ್ಲ ಮಾವಾ. ತಂಗೆವ್ವತ್ತಿಗೆ ಆಣಿ ಕೊಟ್ಟೇನಿ."

"ಎಂಥಾ ಮನಶ್ಯಾ ಅದಿಯೋ! ಬ್ಯಾಡಾದಾಗ ಒದರತಿ, ಬೇಕಾದಾಗ ಬಾಯಿ ಮುಚಗೊಂಡ ಕುಂದರತಿ."

ಮೂರನೆಯ ದಿನ ಮಾವ ಗಂಜಿಯನ್ನೂ ಅರ್ಧ ಬಿಟ್ಟ. ಇಷ್ಟು ದೊಡ್ಡ ಆಪರೇಶನ್ ಆಗಿ, ಹೇಳಲಿಕ್ಕೆ ಇಷ್ಟೊಂದು ಇದ್ದು, ಕೇಳುವವರಿಲ್ಲ. ಕಸ ಹೊಡೆಯಲು ಬಂದವಳನ್ನೇ ಹಿಡಿದು "ನಡಕ್ಕ ಸೂಜಿ ಹಾಕಿದ್ರವಾ…" ಎಂದು ಸುರು ಮಾಡಿದ. ಅವಳು "ಕಾಲ ಮ್ಯಾಲೆ ತಗೀರಿ" ಎಂದು ಮುಂದೆ ಹೋದಳು.

ಸಂಜೆ ನಾಲ್ಕೂವರೆಗೆ ಬಾಗಿಲಲ್ಲಿ ಒಬ್ಬ ಬಡಕಲು ಮನುಷ್ಯ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ. ಸುರೇಬಾನದ ಸಿಂಪಿಗ ನಿಜಗುಣಪ್ಪ. ಹಳೆಯ ಪಾಯಜಾಮ ಹೊಲಿದು ಬದುಕುವವನು. ವಾರಕ್ಕೊಮ್ಮೆ ಎರಡು ಸೇರು ಜೋಳ ಬೀಸಿಕೊಂಡು ಹೋಗುವುದು ಬಿಟ್ಟರೆ ಮಾವನ ಜೊತೆ ಹೆಚ್ಚಿನ ಬಳಕೆ ಇಲ್ಲ.

"ನಿಮ್ಮನ್ನ ಹುಡಿಕ್ಯಾಡಿ ಸಾಕಾತ್ರಿ ಗಿರಣಿ ಸಾವಕಾರ. ನಿಮಗ ರೊಕ್ಕದ ಗರಜು ಐತಿ ಅಂತ ಕೇಳಿದೆ. ಗಿರಣಿ ಕೀಲಿ ಇತ್ತು. ಮಾಸ್ತರ ಮನಿಗೆ ಹ್ವಾದ್ರ, ಅವರ ಮನಿಯವರು ದವಾಖಾನ್ಯಾಗ ಅದಾರ ಅಂದ್ರು." ಆಣೆಯನ್ನು ನಾನು ಮಾಡಿದ್ದೆ, ನಾಗರತ್ನಾ ಮಾಡಿರಲಿಲ್ಲ.

ನಿಜಗುಣಪ್ಪ ವಸ್ತ್ರದ ಗಂಟು ಬಿಚ್ಚಿ ಮಂಚದ ಮೇಲೆ ಇಟ್ಟ. ಹತ್ತರ, ಇಪ್ಪತ್ತರ ನೋಟುಗಳು. "ಐದು ನೂರು ಐತ್ರಿ. ಹತ್ತು ಸಾವಿರಕ್ಕ ಇದು ಏನೂ ಅಲ್ಲ ಖರೇ."

ಮಾವ ನೋಟು ನೋಡಿದ, ತಂಗೆವ್ವನನ್ನು ನೋಡಿದ. ತಂಗೆವ್ವನೇ ಬಾಯಿ ಬಿಟ್ಟಳು. "ಯಣ್ಣಾ, ಅದು ಸುಳ್ಳರೀ. ಮಂದಿ ಬರಬಾರದಂತ ಹಂಗ ಹೇಳಿದ್ವಿ. ರೊಕ್ಕ ನಮ್ಮ ಕಡೆ ಐತಿ. ನಿಮ್ಮದು ನೀವು ಒಯ್ರಿ."

ನಿಜಗುಣಪ್ಪನ ಮೋರೆ ಇಳಿಯಿತು. "ಹೆಂಗ ಒಯ್ಯಲೆವ್ವಾ? ನಮ್ಮಾಕಿ ಕೊಡಬ್ಯಾಡ ಅಂತ ಎರಡ ದಿನಾ ಜಗಳಾ ತಗದಿದ್ಲು. 'ಸಾವಕಾರಗ ನಿನ್ನ ಐದು ನೂರು ಯಾಕ ಬೇಕು' ಅಂದ್ಲು. ಈಗ ತಿರುಗಿ ಒಯ್ದರ ಅಕೀದs ಖರೇ ಆತಲ್ಲ? ಜೀವ ಇರೂತನಕಾ ಆಡಿ ತೋರಸತಾಳು. ಒಂದ ತಿಂಗಳರs ಇಟ್ಗೋರಿ, ನಿಮ್ಮ ಕಾಲ ಬೀಳತೇನಿ."

ಹೀಗೆ ನಮ್ಮ ಮಾವ ಜೀವನದಲ್ಲಿ ಮೊದಲ ಸಾಲ ಮಾಡಿದ. ಬೇಡ ಬೇಡ ಅನ್ನುತ್ತಲೇ ಅದನ್ನು ತಂಗೆವ್ವ ಡಬ್ಬಿಯೊಳಗೆ ಹಾಕಿಕೊಂಡಳು.

"ಕುಂದರೋ ನಿಜಗುಣಿ" ಎಂದ ಮಾವ, ಕಾಲು ಸರಿಸಿ ಜಾಗ ಮಾಡಿ.

"ಇಲ್ರಿ, ಐದೂವರಿ ಬಸ್ ಐತ್ರಿ. ಅದು ತಪ್ಪಿದ್ರ ಸುರೇಬಾನಕ್ಕ ಇವತ್ತು ಬ್ಯಾರೆ ಬಸ್ಸಿಲ್ಲ." ಆದರೂ ಕೂತ. ಕಸುಬಿನ ಕುತೂಹಲ ತಡೆಯಲಾಗಲಿಲ್ಲ. "ಎಷ್ಟು ಹೊಲಿಗಿ ಹಾಕ್ಯಾರ್ರಿ?"

"ಏಳು!"

"ಕೈ ಹೊಲಿಗೆನೋ, ಮಷಿನ್ನಿಂದೋ?"

"ಕೈಲೇ ಹಾಕ್ಯಾರ. ತಡಿ, ನಡುವಿಂದ ಹೇಳಿದ್ರ ತಿಳಿಯಂಗಿಲ್ಲ, ಮೊದಲಿಂದ ಹೇಳತೇನಿ ಕೇಳು." ಮಾವ ದಿಂಬಿಗೆ ಆನಿಕೊಂಡ. ಮೂರು ದಿನದಲ್ಲಿ ಮೊದಲ ಸಲ ಮೋರೆಯಲ್ಲಿ ಕಳೆ ಬಂತು. ದನಿ ಎಷ್ಟು ಏರಿತೆಂದರೆ ಬಸಯ್ಯನವರ ಮಂದಿಯೂ ಈ ಕಡೆ ತಿರುಗಿ ಕೂತರು. "ಅವತ್ತ ಶ್ರಾವಣ ಸೋಮವಾರ. ಗಿರಣ್ಯಾಗ ಜ್ವಾಳದ ಚೀಲ ಬಂತು. ಎಂಥಾ ಚೀಲಂತಿ? ಕ್ವಿಂಟಲ್ ಚೀಲ…"

ಐದೂವರೆಗೆ ಸುರೇಬಾನದ ಬಸ್ಸು ಸ್ಟ್ಯಾಂಡಿನಿಂದ ಹೊರಟು ದವಾಖಾನೆಯ ಮುಂದೆಯೇ ಹಾರ್ನು ಹಾಕುತ್ತ ಹೋಯಿತು. ಮಾವ ಆಗ ಇನ್ನೂ ಚೀಲ ಎತ್ತುತ್ತಿದ್ದ.